ಪರೇಲಿನ ನೆತ್ತರ ನೆನಪು

ಮದುವೆಯಾಗಿ ನಿಪ್ಪಾಣಿಯಿಂದ ನಾನು ಮುಂಬೈಯ ಪರೇಲಿಗೆ ಬಂದದ್ದು 1974ರಲ್ಲಿ. ಚಾಳಿನ ಮೂರನೇ ಮಾಳಿಗೆಯಲ್ಲಿ ಒಂದೇ ಖೋಲಿ. ಬೆಳಗಿನ ಪಾಳಿಯ ಭೋಂಗಾ ಕೂಗಿದೊಡನೆ ಅತ್ತೆ ಎದ್ದು ಕೂರುತ್ತಿದ್ದರು. ಗಿರಣಿ ಬಿಟ್ಟು ವರ್ಷಗಳಾಗಿದ್ದರೂ ಅವರ ಕಿವಿ ಮಾತ್ರ ಇನ್ನೂ ವೈಂಡಿಂಗ್ ಖಾತೆಯಲ್ಲೇ ಇತ್ತು. ಹತ್ತಿರದ ಆಸ್ಪತ್ರೆಯೊಂದರ ಬ್ಲಡ್ ಬ್ಯಾಂಕಿನಲ್ಲಿ ನನಗೆ ಟೆಕ್ನಿಷಿಯನ್ ಕೆಲಸ ಸಿಕ್ಕ ದಿನ ಅವರು ಕೇಳಿದ್ದು ಪಗಾರದ ಮಾತಲ್ಲ. "ಬಸುರಿ ಹೆಂಗಸರು ಬಿಳಿಚಿಕೊಂಡು ಬಂದ್ರ ಈಗ ಏನ್ ಕೊಡ್ತಾರ?"

"ಗುಳಿಗಿ ಅತ್ತಿ. ಫೋಲಿಕ್ ಆಸಿಡ್ ಅಂತ."

"ಒಂದು ಗುಳಿಗಿ?" ಎಂದು ಅವರು ಬಹಳ ಹೊತ್ತು ಸುಮ್ಮನಾದರು. ಅವರ ಅಕ್ಕ ಏಳು ತಿಂಗಳ ಬಸುರಿಯಾಗಿದ್ದಾಗ ಮೈ ಬಾತು, ಉಗುರೆಲ್ಲ ಬಿಳಿಯಾಗಿ, ಇದೇ ಪರೇಲಿನಲ್ಲಿ ತೀರಿಕೊಂಡಿದ್ದಳು.

ಆ ಗುಳಿಗೆಯ ಕಥೆ ಶುರುವಾದದ್ದು ನಮ್ಮ ಚಾಳಿನಿಂದ ಹತ್ತು ನಿಮಿಷದ ದಾರಿಯಲ್ಲಿ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಇರುವ ಕಟ್ಟಡ ಹಿಂದೆ ಗವರ್ನರರ ಬಂಗಲೆ. 1899ರಲ್ಲಿ ಪ್ಲೇಗ್ ಲಸಿಕೆಯ ಪ್ರಯೋಗಾಲಯ ಅಲ್ಲಿಗೆ ಬಂತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಾಣಂತಿ ಬಸುರಿಯರ ಸಾವಿನ ಕಾರಣ ಹುಡುಕಲು ಅಲ್ಲಿಗೆ ಬಂದರು. ಗಿರಣಿಯಲ್ಲಿ ದುಡಿಯುವವರು, ಬಡ ಮುಸ್ಲಿಂ ಮನೆಗಳ ಹೆಂಗಸರು, ಹೀಗೆ ಹಣ್ಣು, ಸೊಪ್ಪು, ಹಾಲು ಅಪರೂಪವಾಗಿದ್ದ ಮನೆಗಳವರ ರಕ್ತವನ್ನು ಅವರು ಸೂಕ್ಷ್ಮದರ್ಶಕದಡಿ ನೋಡಿದರು. ಕೆಂಪು ಕಣಗಳ ಸಂಖ್ಯೆ ತೀರ ಕಡಿಮೆ, ಆದರೆ ಒಂದೊಂದು ಕಣವೂ ಇರಬೇಕಾದದ್ದಕ್ಕಿಂತ ದೊಡ್ಡದು. ವಿಲ್ಸ್ ಆ ಮನೆಗಳ ಊಟವನ್ನೇ ಇಲಿಗಳಿಗೆ, ಆಮೇಲೆ ಮಂಗಗಳಿಗೆ ಹಾಕಿ ನೋಡಿದರು. ಬಿಯರ್ ಮಾಡುವಲ್ಲಿ ಉಳಿಯುವ ಯೀಸ್ಟ್‌ನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ಕಪ್ಪು ಲೇಹ ತಿನ್ನಿಸಿದಾಗ ರಕ್ತ ತಿರುಗಿ ತುಂಬಿತು. ಹೆಂಗಸರಿಗೂ ಅದನ್ನೇ ಕೊಟ್ಟರು, ಅವರೂ ಚೇತರಿಸಿಕೊಂಡರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ವಿಷಯ ಅಚ್ಚಾಯಿತು. ಆ ಲೇಹದಲ್ಲಿದ್ದ, ಇನ್ನೂ ಹೆಸರಿಲ್ಲದ ವಸ್ತುವನ್ನು ಜನ 'ವಿಲ್ಸ್ ಫ್ಯಾಕ್ಟರ್' ಎಂದು ಕರೆದರು. ವೈದ್ಯೆಯ ಹೆಸರು ಹೀಗೆ ಉಳಿಯಿತು. ತೋಳು ಚಾಚಿ ರಕ್ತ ಕೊಟ್ಟ ಹೆಂಗಸರ ಹೆಸರನ್ನು ಯಾರೂ ಹೇಳುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರ ರಕ್ತ ತೆಗೆದವಳು ನಾನು, ನನಗೆ ಇದು ಸಣ್ಣ ಸಂಗತಿಯಲ್ಲ.

1941ರಲ್ಲಿ ಅಮೆರಿಕದಲ್ಲಿ ಅದೇ ವಸ್ತುವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಫೋಲಿಕ್ ಆಸಿಡ್ ಆಯಿತು. ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು 1945ರಲ್ಲಿ ಕಂಡುಕೊಂಡದ್ದು ಲೆಡರ್ಲಿ ಕಂಪನಿಯಲ್ಲಿ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಸುಬ್ಬರಾವ್ ಆಂಧ್ರದ ಭೀಮವರಂನವರು. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಸಹೋದರರನ್ನು ಕಳೆದುಕೊಂಡವರು. ಆ ಕಾಯಿಲೆಗೆ ಮದ್ದಾದದ್ದೂ ಫೋಲಿಕ್ ಆಸಿಡ್ಡೇ.

ಇಲ್ಲಿಂದ ಕಥೆ ತಿರುವು ತೆಗೆದುಕೊಳ್ಳುತ್ತದೆ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಫೋಲಿಕ್ ಆಸಿಡ್ ಬಗೆಯ ವಸ್ತುಗಳನ್ನೇ ಕೊಟ್ಟು ನೋಡಿದರು, ಕಾಯಿಲೆ ಇನ್ನೂ ಬಿರುಸಾಯಿತು. ಒಂದು ಕೋಶ ಎರಡಾಗಬೇಕಾದರೆ ಫೋಲಿಕ್ ಆಸಿಡ್ ಬೇಕು. ಬಸುರಿಯ ಮಜ್ಜೆಗೂ ಅದು ಬೇಕು, ಹದ್ದು ಮೀರಿ ಬೆಳೆಯುವ ಕ್ಯಾನ್ಸರ್ ಕೋಶಕ್ಕೂ ಅದೇ ಬೇಕು. ಹಾಗಾದರೆ ಫೋಲಿಕ್ ಆಸಿಡ್ಡಿನ ವೇಷ ಹಾಕಿ ಒಳಹೊಕ್ಕು ಕೆಲಸ ಕೆಡಿಸುವ ವಸ್ತುವೊಂದನ್ನು ಕೊಟ್ಟರೆ? ಸುಬ್ಬರಾವ್ ಅವರ ತಂಡ ಅಮಿನಾಪ್ಟೆರಿನ್ ಮಾಡಿ ಕಳಿಸಿತು. 16 ಮಕ್ಕಳಲ್ಲಿ 10 ಮಕ್ಕಳ ಕಾಯಿಲೆ ಸ್ವಲ್ಪ ಕಾಲ ಹಿಂದೆ ಸರಿಯಿತು. ಜೂನ್ 1948ರಲ್ಲಿ ಫಾರ್ಬರ್ ಅವರ ಲೇಖನ ಬಂತು, ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನಾಪ್ಟೆರಿನ್‌ನ ತಂಗಿಯಂತಿರುವ ಮೆಥೊಟ್ರೆಕ್ಸೇಟ್ ಇವತ್ತಿಗೂ ಲುಕೇಮಿಯಾ ಮಕ್ಕಳ ಚಿಕಿತ್ಸೆಯಲ್ಲಿದೆ.

ಪರೇಲಿಗೇ ಮರಳುತ್ತೇನೆ. 1931ರಲ್ಲಿ ಲೇಡಿ ಮೆಹರ್‌ಬಾಯಿ ಟಾಟಾ ಲುಕೇಮಿಯಾದಿಂದ ತೀರಿಕೊಂಡರು. ಮರುವರ್ಷ ಪತಿ ದೊರಾಬ್ಜಿಯೂ ಹೋದರು. ಅವರ ಟ್ರಸ್ಟ್ ಕಟ್ಟಿಸಿದ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆದದ್ದು 28 ಫೆಬ್ರವರಿ 1941ರಂದು. ಅದರ ಮಗ್ಗುಲಿಗೇ ಕೆಇಎಂ ಆಸ್ಪತ್ರೆ. ಯಾರ ರಕ್ತವೂ ಹೊಂದದ ರೋಗಿಗಳನ್ನು ಡಾ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿ 1952ರಲ್ಲಿ ಜಗತ್ತಿಗೆ ತಿಳಿಸಿದರು. ಅದೇ ಬಾಂಬೆ ರಕ್ತದ ಗುಂಪು. ಆ ರಕ್ತ ನನ್ನ ಕೈಗೂ ಒಮ್ಮೆ ಬಂತು. ಟೈಲಿನ ಮೇಲೆ ಎ, ಬಿ ಸೀರಮ್ ಹಾಕಿದೆ, ಕಣಗಳು ಒಟ್ಟುಗೂಡಲಿಲ್ಲ. 'ಓ' ಎಂದು ಬರೆಯಲು ಪೆನ್ನು ಎತ್ತಿದ್ದೆ. ವಾಡಿಕೆಯಂತೆ ರೋಗಿಯ ಸೀರಮ್ಮಿಗೆ 'ಓ' ಕಣ ಬೆರೆಸಿದೆ. ಒಡೆದ ಹಾಲಿನ ಹಾಗೆ ಎಲ್ಲ ಗಡ್ಡೆಗಟ್ಟಿತು. ಎ, ಬಿಗಳಿಗೆ ತಳಹದಿಯಾದ ಎಚ್ ಎಂಬ ಗುರುತೇ ಅವನ ಕಣಗಳ ಮೇಲೆ ಇರಲಿಲ್ಲ. ಆ ಎರಡನೇ ಪರೀಕ್ಷೆ ಬಿಟ್ಟು 'ಓ' ಬಾಟಲಿ ಕೊಟ್ಟಿದ್ದರೆ ಅವನು ಉಳಿಯುತ್ತಿರಲಿಲ್ಲ. ಆಮೇಲೆ ಯಾವ ಟೈಲನ್ನೂ ನಾನು ಅವಸರದಲ್ಲಿ ಓದಿಲ್ಲ.

1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಭೋಂಗಾಗಳು ಒಂದೊಂದಾಗಿ ನಿಂತವು. ಹಿಮೋಗ್ಲೋಬಿನ್ ನಾಲ್ಕು, ಐದು ಇದ್ದ ಬಸುರಿಯರು ಮತ್ತೆ ನಮ್ಮ ಬಾಗಿಲಿಗೆ ಬರತೊಡಗಿದರು. ಅದರ ಮರುವರ್ಷವೇ ಟಾಟಾ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ದೇಶದ ಮೊದಲ ಯಶಸ್ವಿ ಅಸ್ಥಿಮಜ್ಜೆ ಕಸಿ ಮಾಡಿದರು. ಬಾಲ್ಯದ ಪೋಲಿಯೊದಿಂದ ಗಾಲಿಕುರ್ಚಿಯಲ್ಲೇ ಓಡಾಡುವ ವೈದ್ಯರು ಅವರು. ಒಂದೇ ಓಣಿಯಲ್ಲಿ ಈ ಎರಡನ್ನೂ ನೋಡಿದೆ.

ಈಗ ನನ್ನ ಹಳೆಯ ಸಹೋದ್ಯೋಗಿಗಳು ಹೇಳುವುದೆಲ್ಲ ಕಾರ್-ಟಿ ಮಾತು. ರೋಗಿಯದೇ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವ ಜೀನ್ ಸೇರಿಸಿ, ಬೆಳೆಸಿ, ತಿರುಗಿ ಅದೇ ರೋಗಿಗೆ ಹನಿಸುತ್ತಾರೆ. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ತಂಡವೂ ಟಾಟಾ ಮೆಮೋರಿಯಲ್ ವೈದ್ಯರೂ ಸೇರಿ ಮಾಡಿದ ನೆಕ್ಸ್‌ಕಾರ್19ಗೆ ಅಕ್ಟೋಬರ್ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆ ಮದ್ದಿಗೆ ಬಗ್ಗದ ರೋಗಿಗಳಲ್ಲಿ ಸುಮಾರು ಶೇಕಡಾ 73 ಮಂದಿ ಇದಕ್ಕೆ ಸ್ಪಂದಿಸಿದರು. ವಿದೇಶದಲ್ಲಿ ಕೋಟಿಗಟ್ಟಲೆ ಆಗುವುದು ಇಲ್ಲಿ 40 ಲಕ್ಷದ ಆಸುಪಾಸಿನಲ್ಲಿ ಆಗುತ್ತದೆ. ದೊಡ್ಡ ಸಾಧನೆ, ನನಗೆ ಹೆಮ್ಮೆಯಿದೆ. ಆದರೆ ಟಾಟಾ ಆಸ್ಪತ್ರೆಯೆದುರಿನ ಫುಟ್‌ಪಾತಿನಲ್ಲಿ ಮಲಗಿದವರನ್ನು ದಿನವೂ ದಾಟಿ ಬಂದವಳ ಬಾಯಲ್ಲಿ ಅಗ್ಗ ಎಂಬ ಮಾತು ಬರುವುದಿಲ್ಲ.

ಟಾಟಾ ಆಸ್ಪತ್ರೆಯ ರೋಗಿಗಳು ತಂಗುವ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಗೆ ಗುರುವಾರ ಗುರುವಾರ ಹೋಗುತ್ತೇನೆ. ಕನ್ನಡ ಬಲ್ಲವರು ಬೇಕಾಗುತ್ತಾರೆ ಅಲ್ಲಿ. ಅಥಣಿ ಕಡೆಯ ಒಬ್ಬ ತಾಯಿ, ಲುಕೇಮಿಯಾ ಬಂದ ಆರು ವರ್ಷದ ಮಗನೊಂದಿಗೆ ಇದ್ದಾಳೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಕುತ್ತು. ಅದಕ್ಕೇ ಕ್ಯಾಲೆಂಡರಿನಲ್ಲಿ ಗುರುವಾರಗಳಿಗೆಲ್ಲ ಕುಂಕುಮ ಹಚ್ಚಿಟ್ಟಿದ್ದಾಳೆ. ಮೊನ್ನೆ ಗುಳಿಗೆಗಳನ್ನು ಅಂಗೈಯಲ್ಲಿಟ್ಟು ಎಣಿಸುತ್ತಿದ್ದವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅಕ್ಕಾರ, ಇವ ಹೊಟ್ಯಾಗಿದ್ದಾಗ ನಾ ನುಂಗಿದ್ದೂ ಇಂಥಾದ್ದ ನೋಡ್ರಿ, ಹಳದಿ ಗುಳಿಗಿ."