ಸುರಪುರಕ್ಕೆ ಹೋಗೋ ಮೊದಲು

ಲಾಂಗ್ ವೀಕೆಂಡ್ ಬಂತಂದ್ರೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಮಗಳೂರು, ಕೊಡಗು, ಗೋಕರ್ಣ ಬಿಟ್ಟು ನಾಲ್ಕನೇ ಹೆಸರು ಬರೋದಿಲ್ಲ. ಉತ್ತರದ ಕಡೆ ಅಂದ್ರೆ ಹಂಪಿ, ಹೆಚ್ಚಂದ್ರೆ ಬಾದಾಮಿ. ಯಾದಗಿರಿ ಅಂದ ಕೂಡಲೇ "ಅಲ್ಲೇನಿದೆ ಗುರು, ಬಿಸಿಲು ಬಿಟ್ರೆ?" ಅಂತಾರೆ. ಬಿಸಿಲಿದೆ, ನಿಜ. ಅದರ ಜೊತೆಗೆ ಹನ್ನೆರಡು ಲಕ್ಷ ವರ್ಷಗಳ ಕಥೆಯೂ ಇದೆ.

ಮೊದಲು ಕೆಲಸದ ಮಾತು. ಬೆಂಗಳೂರಿಂದ ಮುಂಬೈ ಕಡೆಗೆ ಹೋಗೋ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ರೆ ರಾತ್ರಿ ಕಳೆದು ಯಾದಗಿರಿಯಲ್ಲಿ ಇಳೀಬಹುದು. ಊರ ನೆತ್ತಿಯ ಮೇಲೇ ಕೋಟೆ. ಬೆಳಗ್ಗೆಯೇ ಹತ್ತಿ ಇಳಿದುಬಿಡಿ. ಅಲ್ಲಿಂದ ಭೀಮಾ ನದಿ ದಾಟಿ ಪಶ್ಚಿಮಕ್ಕೆ ಶಹಾಪುರ, ಅದರಾಚೆ ಸುರಪುರ. ನವೆಂಬರಿಂದ ಫೆಬ್ರವರಿ ಒಳ್ಳೆ ಕಾಲ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟುತ್ತೆ, ಆಗ ಬಂದು ನಮ್ಮನ್ನ ಬೈಬೇಡಿ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ದಾರಿ ಕೇಳೋವಾಗ "ಎಕ್ಸ್‌ಕ್ಯೂಸ್ ಮಿ" ಬೇಡ, "ಯಣ್ಣಾ" ಅನ್ರಿ. ಹಿರಿಯರಾದ್ರೆ "ಯಪ್ಪಾ", "ಯವ್ವಾ". ಈ "ಅಪ್ಪಾ" ಅನ್ನೋ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಶಹಾಪುರದ ಗುಡ್ಡಗಳ ಸಾಲು ದೂರದಿಂದ ನೋಡಿದ್ರೆ ಮಲಗಿದ ಬುದ್ಧನ ಹಾಗೆ ಕಾಣುತ್ತೆ. ಫೋಟೋ ತೆಗೆದು ಎಲ್ಲರೂ ಮುಂದೆ ಹೋಗ್ತಾರೆ. ನೀವು ಹತ್ತಿರದ ವಿಭೂತಿಹಳ್ಳಿಯಲ್ಲಿ ಇಳೀರಿ. ಬಯಲಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನ ಸಾಲು ಸಾಲಾಗಿ ಲೆಕ್ಕ ಹಾಕಿ ಇಟ್ಟಿದ್ದಾರೆ. ಇಟ್ಟವರು ಬರವಣಿಗೆ ಗೊತ್ತಿಲ್ಲದ ಕಾಲದ ಜನ. ಹುಣಸಗಿ ಕಡೆಯ ಇಸಾಂಪುರದಲ್ಲಿ ಇನ್ನೂ ಹಳೇ ಕುರುಹುಗಳಿವೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡ್ತಿದ್ದ ಜಾಗವನ್ನೇ ಅಗೆದು ತೋರಿಸಿತು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಬಂತು. ಒಂದರ್ಥದಲ್ಲಿ ಅದು ನಮ್ಮ ರಾಜ್ಯದ ಅತಿ ಹಳೇ ವರ್ಕ್‌ಶಾಪು.

ಇನ್ನು ಸುರಪುರ. ಇಲ್ಲಿನ ಬೇಡ ನಾಯಕರ ಹಳೇ ನೆಲೆ ಪಕ್ಕದ ವಾಗಣಗೇರಾ. 1705ರಲ್ಲಿ ಮುದುಕನಾಗಿದ್ದ ಔರಂಗಜೇಬ್ ಸ್ವತಃ ನಿಂತು ಮುತ್ತಿಗೆ ಹಾಕಿ ಗೆದ್ದ ಕೊನೇ ಕೋಟೆ ಅದು. ಗೆದ್ದ ಅನ್ನೋದೂ ಹೆಸರಿಗೆ. ಪಿಡ್ಡನಾಯಕ ರಾತ್ರೋರಾತ್ರಿ ತಪ್ಪಿಸ್ಕೊಂಡು ಹೋಗಿದ್ದ, ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಎರಡು ವರ್ಷಕ್ಕೆ ಬಾದಶಹನೇ ತೀರಿಕೊಂಡ.

ಹೊರಗಿನ ಜಗತ್ತಿಗೆ ಸುರಪುರವನ್ನ ತೋರಿಸಿದ್ದು ಮಾತ್ರ ಒಬ್ಬ ಇಂಗ್ಲಿಷ್ ಸಾಹೇಬ, ಫಿಲಿಪ್ ಮೆಡೋಸ್ ಟೇಲರ್. ಇವನನ್ನ ಅರ್ಥ ಮಾಡ್ಕೊಳ್ಳೋಕೆ ಅದೇ ಕಾಲದ ಇನ್ನೊಬ್ಬನನ್ನ ನೋಡಿ. ಅಮೆರಿಕದ ಜಾನ್ ಲಾಯ್ಡ್ ಸ್ಟೀಫನ್ಸ್ 1841ರಲ್ಲಿ ಮಧ್ಯ ಅಮೆರಿಕದ ಪ್ರವಾಸದ ಬಗ್ಗೆ ಪುಸ್ತಕ ಬರೆದ. ಹೊಂಡುರಾಸ್‌ನ ಕೋಪಾನ್ ಅನ್ನೋ ಪಾಳುಬಿದ್ದ ಮಾಯಾ ಊರನ್ನ 50 ಡಾಲರಿಗೆ ಕೊಂಡ ಪುಣ್ಯಾತ್ಮ ಅವನು! ಮಾಯಾ ಜನ ಆಗಲೂ ಅಲ್ಲೇ ಸುತ್ತಮುತ್ತ ಇದ್ದರು, ಆದ್ರೆ ಜಗತ್ತು ಅವರ ಊರನ್ನ ಸ್ಟೀಫನ್ಸ್‌ನ ಕಣ್ಣಿಂದ ನೋಡ್ತು. ನಮ್ಮ ಕಡೆಯೂ ಆಗಿದ್ದು ಅದೇ.

ಟೇಲರ್ 1840ರ ದಶಕದಲ್ಲಿ ಸುರಪುರಕ್ಕೆ ಬಂದಾಗ ರಾಜ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. 1853ರವರೆಗೆ ಟೇಲರನೇ ಆಡಳಿತ ನೋಡಿಕೊಂಡ. ಗುಡ್ಡದ ಮೇಲೆ 1844ರಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಗಟ್ಟಿಯಾಗಿ ನಿಂತಿದೆ. ರಾಜನ್‌ಕೋಳೂರಿನ ಕಲ್ಲುಮನೆಗಳ ಬಗ್ಗೆ, ವಿಭೂತಿಹಳ್ಳಿಯ ಸಾಲುಗಳ ಬಗ್ಗೆ ಮೊದಲು ಬರೆದಿಟ್ಟವನೂ ಇವನೇ. ಇದಕ್ಕೆಲ್ಲ ಅವನಿಗೆ ಋಣ ಇದೆ, ಇಲ್ಲ ಅನ್ನೋಕಾಗಲ್ಲ.

ಆ ಹುಡುಗ ರಾಜ ಅವನನ್ನ ಕರೀತಿದ್ದಿದ್ದು "ಅಪ್ಪಾ" ಅಂತ. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನ ಮಗ ತಂದೆಯನ್ನ ಕರೆದ ಪ್ರೀತಿಯಲ್ಲೇ ಬರೀತಾನೆ. ಪ್ರೀತಿ ಇದ್ದಿರಬಹುದು. ಆದ್ರೆ ನಮ್ಮ ಕಡೆ "ಅಪ್ಪಾ" ಅನ್ನೋದರಲ್ಲಿ ಅಕ್ಕರೆ ಎಷ್ಟಿದೆಯೋ ದೊಡ್ಡವರ ಮುಂದಿನ ತಗ್ಗು ದನಿಯೂ ಅಷ್ಟೇ ಇದೆ. ಎರಡರಲ್ಲಿ ಯಾವುದು ಹೆಚ್ಚಿತ್ತು ಅಂತ ಕರೆದವನೇ ಹೇಳಬೇಕಿತ್ತು.

1858ರ ಫೆಬ್ರವರಿಯಲ್ಲಿ ಆ ರಾಜನೇ ಬ್ರಿಟಿಷರ ಮೇಲೆ ತಿರುಗಿಬಿದ್ದ. ಸುರಪುರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಯಾದ. ಮೊದಲು ಮರಣದಂಡನೆ, ಆಮೇಲೆ ಅದನ್ನ ಇಳಿಸಿ ಇಳಿಸಿ ಮದ್ರಾಸ್ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ ಅಂತಾಯ್ತು. ಅಲ್ಲಿಗೆ ಹೋಗೋ ದಾರಿಯಲ್ಲಿ, ಮೊದಲ ಬಿಡಾರದಲ್ಲೇ, ಕಾವಲು ಅಧಿಕಾರಿಯ ಪಿಸ್ತೂಲಿಂದ ತಾನೇ ಗುಂಡು ಹಾರಿಸಿಕೊಂಡ ಅಂತ ಟೇಲರ್ ಬರೀತಾನೆ. ಇಪ್ಪತ್ನಾಲ್ಕನೇ ವರ್ಷದಲ್ಲಿ ಸಾವು ಅಂತ ಜಾತಕದಲ್ಲೇ ಇತ್ತು ಅನ್ನೋ ಕಥೆಯನ್ನೂ ಸೇರಿಸ್ತಾನೆ. ಸುರಪುರದಲ್ಲಿ ಇದನ್ನ ಒಪ್ಪದವರು ಇದ್ದಾರೆ. ಕೊಂದರು ಅಂತ ಹೇಳ್ತಾರೆ. ಒಂದಂತೂ ಸತ್ಯ: ಟೇಲರ್ ಆಗ ಆ ಜಾಗದಲ್ಲಿ ಇರಲಿಲ್ಲ. ಶಿಕ್ಷೆ ನಾಲ್ಕೇ ವರ್ಷಕ್ಕೆ ಇಳಿದಿದ್ದಾಗ ಹುಡುಗ ಯಾಕೆ ಪ್ರಾಣ ಕಳ್ಕೊಂಡ ಅನ್ನೋ ಪ್ರಶ್ನೆಗೆ ಜಾತಕ ಉತ್ತರ ಆಗೋದಿಲ್ಲ. 1860ರಲ್ಲಿ ಸಂಸ್ಥಾನವನ್ನ ಬ್ರಿಟಿಷರು ನಿಜಾಮನಿಗೆ ಉಡುಗೊರೆ ಕೊಟ್ಟು ಕೈತೊಳೆದುಕೊಂಡರು.

ಹಾಗಾಗಿ ಸುರಪುರಕ್ಕೆ ಹೋಗೋರಿಗೆ ಮೂರು ಮಾತು. ಒಂದು, ಟೇಲರ್ ಮಂಜಿಲ್ ಸರ್ಕಾರದ ಸುಪರ್ದಿಯಲ್ಲಿರೋ ಪ್ರವಾಸಿ ಮಂದಿರ. ಒಳಗೆ ನೋಡಬೇಕಂದ್ರೆ ಮೊದಲೇ ಅನುಮತಿ ಕೇಳಿ. ಅಲ್ಲಿಗೇ ಮುಗಿಸ್ಬೇಡಿ, ಅರಮನೆಯ ಕಡೆಗೂ ನಡೀರಿ, ವಾಗಣಗೇರಾಕ್ಕೂ ಹೋಗಿ. ಎರಡು, ವಿಭೂತಿಹಳ್ಳಿಯಲ್ಲಿ ಕಲ್ಲು ಹತ್ತಿ ರೀಲ್ಸ್ ಮಾಡೋದು, ಕಲ್ಲು ಸರಿಸೋದು ಬೇಡ. ಒಂದು ಕಲ್ಲು ಜರುಗಿದ್ರೂ ಸಾಲಿನ ಲೆಕ್ಕ ಹೋಯ್ತು, ಮತ್ತೆ ಕೂಡಿಸೋಕೆ ಬ್ಯಾಕಪ್ ಇಲ್ಲ. ಮೂರು, ಟೇಲರನ ಆತ್ಮಕಥೆ ಓದಿಕೊಂಡು ಹೋಗಿ, ಆದ್ರೆ ಊರಿನ ಕಟ್ಟೆ ಮೇಲೆ ಕೂತ ಹಿರಿಯರೊಬ್ಬರ ಹತ್ರ ಕೂತು "ಯಪ್ಪಾ, ನಮ್ಮ ರಾಜ ಹ್ಯಾಂಗ ಸತ್ತ?" ಅಂತ ಕೇಳಿ. ಅವರು ಹೇಳಿದ್ದೆಲ್ಲ ಇತಿಹಾಸ ಅಲ್ಲ. ಸಾಹೇಬ ಬರೆದಿದ್ದೆಲ್ಲವೂ ಅಲ್ಲ.