ಎಳೆಯ ತಾಯಂದಿರೂ ಅವರ ಶಿಶುಗಳೂ

ಅವಿವಾಹಿತ ತಾಯಂದಿರಿಗೆ, ಅವರಲ್ಲಿಯೂ ಹದಿಹರೆಯದವರಿಗೆ, ಇಂಗ್ಲೆಂಡಿನ ಸಮಾಜವು ನೀಡಿದ ನೆರವು ಬಹುಕಾಲ ತಾಯಿಮಕ್ಕಳನ್ನು ಅಗಲಿಸುವಂಥದಾಗಿದ್ದಿತು. ನಾವಿಕ ಥಾಮಸ್ ಕೋರಂ ಎಂಬಾತನು ೧೭೩೯ರಲ್ಲಿ ರಾಜಸನ್ನದು ಪಡೆದು ಲಂಡನ್ನಿನಲ್ಲಿ ಪರಿತ್ಯಕ್ತ ಶಿಶುಗಳ ಆಶ್ರಯಧಾಮವನ್ನು ಸ್ಥಾಪಿಸಿದನು. ೧೭೪೧ರಿಂದ ಅಲ್ಲಿ ಕೂಸನ್ನೊಪ್ಪಿಸಿದ ತಾಯಂದಿರು, ಮುಂದೆ ಗುರುತು ಹಿಡಿಯಲೆಂದು ಬಟ್ಟೆಯ ತುಂಡನ್ನೋ ನಾಣ್ಯವನ್ನೋ ಇರಿಸಿ ಹೋಗುತ್ತಿದ್ದರು. ಮರಳಿ ತಾಯ ಮಡಿಲು ಸೇರಿದ ಮಕ್ಕಳು ತೀರ ವಿರಳ. ಶಿಶುವಿನ ಪ್ರಾಣವನ್ನುಳಿಸಲು ಹೊರಟ ಆ ದಯೆಯು ತಾಯಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

೧೯೫೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿಯವರು ಬರೆದ ವರದಿಯು, ಶಿಶುವಿನ ಮಾನಸಿಕ ಆರೋಗ್ಯಕ್ಕೆ ತಾಯಿಯ ಎಡೆಬಿಡದ ಪ್ರೀತಿಯು ಅವಶ್ಯಕವೆಂದು ಪ್ರತಿಪಾದಿಸಿತು. ಈ ವಿಚಾರವು ಕಾರ್ಯರೂಪಕ್ಕೆ ಬಂದುದನ್ನು ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾದಲ್ಲಿ ಕಾಣುತ್ತೇವೆ. ೧೯೭೦ರ ದಶಕದ ಕೊನೆಗೆ ಡೇವಿಡ್ ಓಲ್ಡ್ಸ್ ಅವರು ಅಲ್ಲಿ ೪೦೦ ಚೊಚ್ಚಲ ಬಸುರಿಯರನ್ನು ಆರಿಸಿಕೊಂಡರು. ಇವರಲ್ಲಿ ಒಂದು ಗುಂಪಿನವರ ಮನೆಗಳಿಗೆ, ಕೂಸಿಗೆ ಎರಡು ವರ್ಷ ತುಂಬುವವರೆಗೂ ದಾದಿಯರು ಹೋಗಿಬರುತ್ತಿದ್ದರು. ಕೂಸಿನ ಇಂಗಿತವನ್ನರಿತು ನಡೆದುಕೊಳ್ಳುವುದನ್ನು ತಾಯಿಗೆ ಕಲಿಸುತ್ತಿದ್ದರು. ೧೯೮೬ರ ವರದಿಯಂತೆ, ಬಡ ಅವಿವಾಹಿತ ಹರೆಯದ ತಾಯಂದಿರ ಪೈಕಿ ಶಿಶುಹಿಂಸೆ, ಅಲಕ್ಷ್ಯಗಳು ಈ ಭೇಟಿಗಳಿಲ್ಲದವರಲ್ಲಿ ಶೇಕಡಾ ೧೯, ಭೇಟಿ ಪಡೆದವರಲ್ಲಿ ಶೇಕಡಾ ೪.

ಆದರೆ ೨೦೧೫ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯಲ್ಲಿ, ಜನನತೂಕ, ಧೂಮಪಾನ ಮೊದಲಾದ ಮುಖ್ಯ ಅಳತೆಗಳಲ್ಲಿ ಇದೇ ಕ್ರಮವು ರೂಢಿಯ ಸೇವೆಗಿಂತ ಮೇಲೆನಿಸಲಿಲ್ಲ. ಅಲ್ಲಿ ಪ್ರಸೂತಿ ದಾದಿಯರ, ಆರೋಗ್ಯ ಸಂದರ್ಶಕಿಯರ ಸೇವೆಯು ಮೊದಲೇ ಎಲ್ಲರಿಗೂ ದೊರೆಯುತ್ತಿದ್ದುದನ್ನು ನಾವು ಮರೆಯಲಾಗದು. ಒಂದೇ ಕ್ರಮವು ಎಲ್ಲೆಡೆಯಲ್ಲಿಯೂ ಸಮಫಲವನ್ನು ಕೊಡಲಾರದು. ಆದರೂ ಕೂಸನ್ನು ಕಾಪಾಡಲು ತಾಯಿಯನ್ನು ದೂರವಿಡಬೇಕೆಂಬ ಹಳೆಯ ನಂಬಿಕೆಯು ನಿರಾಧಾರವೆಂದೇ ನಮ್ಮ ಅಭಿಪ್ರಾಯ.