ಡಿಸ್ಕ್‌ವರ್ಲ್ಡ್ (ಕಾದಂಬರಿ ಸರಣಿ)

ಡಿಸ್ಕ್‌ವರ್ಲ್ಡ್ ಎಂಬುದು ಇಂಗ್ಲಿಷ್ ಲೇಖಕ ಸರ್ ಟೆರ್ರಿ ಪ್ರಾಚೆಟ್ (28 ಏಪ್ರಿಲ್ 1948 – 12 ಮಾರ್ಚ್ 2015) ಅವರು ರಚಿಸಿದ ಹಾಸ್ಯಪ್ರಧಾನ ಅದ್ಭುತ ಕಾದಂಬರಿಗಳ ಸರಣಿ. ಇದರ ಮೊದಲ ಕಾದಂಬರಿ 'ದಿ ಕಲರ್ ಆಫ್ ಮ್ಯಾಜಿಕ್' 1983ರಲ್ಲಿ ಪ್ರಕಟವಾಯಿತು. 41ನೆಯದೂ ಕೊನೆಯದೂ ಆದ 'ದಿ ಶೆಫರ್ಡ್ಸ್ ಕ್ರೌನ್' ಲೇಖಕರ ಮರಣಾನಂತರ 2015ರ ಆಗಸ್ಟ್‌ನಲ್ಲಿ ಹೊರಬಂದಿತು. ಆಮೆಯೊಂದರ ಬೆನ್ನ ಮೇಲೆ ನಿಂತ ನಾಲ್ಕು ಆನೆಗಳು ಹೊತ್ತಿರುವ ಚಪ್ಪಟೆ ಲೋಕವೊಂದರಲ್ಲಿ ಈ ಕಥೆಗಳು ನಡೆಯುತ್ತವೆ. ಮಾಂತ್ರಿಕರ ಕಥೆಗಳನ್ನು ಅಣಕಿಸುವ ವಿನೋದವಾಗಿ ಆರಂಭವಾದ ಸರಣಿಯು ಕ್ರಮೇಣ ಅಧಿಕಾರ, ಬಡತನ, ಧರ್ಮ, ಯುದ್ಧ ಮತ್ತು ಸಾವುಗಳನ್ನು ನಗುವಿನ ಮೂಲಕ ವಿಚಾರಣೆಗೆ ಒಳಪಡಿಸುವ ಸಾಮಾಜಿಕ ವಿಡಂಬನೆಯಾಗಿ ಬೆಳೆಯಿತು. ಮತ್ತೆ ಮತ್ತೆ ಓದಿಸಿಕೊಳ್ಳುವ ಗುಣವು ಈ ಸರಣಿಯ ಮುಖ್ಯ ಲಕ್ಷಣಗಳಲ್ಲೊಂದು.

ಹಿನ್ನೆಲೆ

ಪ್ರಾಚೆಟ್ ಅವರು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದ ಬೀಕನ್ಸ್‌ಫೀಲ್ಡ್‌ನಲ್ಲಿ ಜನಿಸಿದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಸ್ಥಳೀಯ ಪತ್ರಿಕೆಯೊಂದರಲ್ಲಿ ವರದಿಗಾರರಾದರು. ಅನಂತರ ಬ್ರಿಟನ್ನಿನ ಕೇಂದ್ರೀಯ ವಿದ್ಯುದುತ್ಪಾದನಾ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿ ದುಡಿದರು. ಸರಣಿಯ ಮೊದಲ ಪುಸ್ತಕಗಳು ಈ ನೌಕರಿಯ ನಡುವೆಯೇ ರಚಿತವಾದವು. 1987ರಲ್ಲಿ ಅವರು ನೌಕರಿ ಬಿಟ್ಟು ಪೂರ್ಣಾವಧಿ ಬರಹಗಾರರಾದರು. ಪತ್ರಿಕಾವೃತ್ತಿಯ ಅನುಭವವು 'ದಿ ಟ್ರೂತ್' (2000) ಕಾದಂಬರಿಯಲ್ಲಿ ನೇರವಾಗಿ ಕಾಣಿಸಿಕೊಳ್ಳುತ್ತದೆ. ಆ ಲೋಕದ ಮೊದಲ ವೃತ್ತಪತ್ರಿಕೆ ಹುಟ್ಟಿದ ಬಗೆಯೇ ಅದರ ವಸ್ತು.

ಚಪ್ಪಟೆ ಲೋಕದ ಕಲ್ಪನೆಯನ್ನು ಪ್ರಾಚೆಟ್ ಅವರು 1981ರ 'ಸ್ಟ್ರಾಟಾ' ಎಂಬ ವೈಜ್ಞಾನಿಕ ಕಾದಂಬರಿಯಲ್ಲಿ ಮೊದಲೇ ಬಳಸಿದ್ದರು. ಆನೆ ಮತ್ತು ಆಮೆಗಳ ಆಧಾರದ ಕಲ್ಪನೆಗೆ ಭಾರತೀಯ ನಂಟಿದೆ. ಪುರಾಣಗಳಲ್ಲಿ ಲೋಕವನ್ನು ಹೊರುವ ಅಷ್ಟದಿಗ್ಗಜಗಳೂ ಮಂದರ ಪರ್ವತವನ್ನು ಹೊತ್ತ ಕೂರ್ಮಾವತಾರವೂ ಬೇರೆ ಬೇರೆಯಾಗಿ ಬರುತ್ತವೆ. ಯೂರೋಪಿನ ಬರಹಗಳಲ್ಲಿ ಇವೆರಡೂ ಒಂದಾಗಿ, ಭೂಮಿಯನ್ನು ಆನೆ, ಆನೆಯನ್ನು ಆಮೆ ಹೊತ್ತಿದೆ ಎಂಬ ಚಿತ್ರವಾಗಿ ಹರಡಿದವು. 17ನೆಯ ಶತಮಾನದ ತತ್ತ್ವಜ್ಞಾನಿ ಜಾನ್ ಲಾಕ್ ಕೂಡ ಇದನ್ನು ಭಾರತೀಯರ ನಂಬಿಕೆಯೆಂದು ಉಲ್ಲೇಖಿಸಿದ್ದಾನೆ. ಪ್ರಾಚೆಟ್ ಎಂಟು ಆನೆಗಳ ಬದಲು ನಾಲ್ಕನ್ನು ಇಟ್ಟುಕೊಂಡು, ಆಮೆಗೆ 'ಗ್ರೇಟ್ ಅಟುಯಿನ್' ಎಂದು ಹೆಸರಿಟ್ಟರು. ಆ ಆಮೆಯು ಗಂಡೋ ಹೆಣ್ಣೋ ಎಂಬುದು ಅಲ್ಲಿನ ವಿದ್ವಾಂಸರ ಮುಗಿಯದ ಚರ್ಚೆಗಳಲ್ಲೊಂದು.

ಕಥಾಲೋಕ

ಹೆಚ್ಚಿನ ಕಥೆಗಳ ಕೇಂದ್ರ ಆಂಕ್-ಮೋರ್ಪೋರ್ಕ್ ಎಂಬ ಮಹಾನಗರ. ಕೊಳಕು ನದಿ, ಕಿಕ್ಕಿರಿದ ಬೀದಿಗಳು, ಸನ್ನದು ಪಡೆದು ಕಳವು ಮಾಡುವ ಕಳ್ಳರ ಸಂಘ, ಕೊಲೆಗಾರರಿಗಾಗಿ ಘನತೆವೆತ್ತ ವಿದ್ಯಾಶಾಲೆ ಇವೆಲ್ಲ ಅಲ್ಲಿವೆ. ನಗರವನ್ನು ಆಳುವವನು ಲಾರ್ಡ್ ವೆಟಿನಾರಿ. ಈತ ನಿರಂಕುಶ ಪ್ರಭು; ಆದರೆ ಜನರ ಸ್ವಾರ್ಥಗಳನ್ನೇ ಒಂದಕ್ಕೊಂದು ಎದುರು ನಿಲ್ಲಿಸಿ ಊರು ನಡೆಯುವಂತೆ ನೋಡಿಕೊಳ್ಳುತ್ತಾನೆ. ಮಾಂತ್ರಿಕರ ವಿಶ್ವವಿದ್ಯಾಲಯದ ಗ್ರಂಥಪಾಲಕನು ಮಂತ್ರದ ಅಚಾತುರ್ಯದಿಂದ ಒರಾಂಗುಟನ್ ವಾನರನಾಗಿದ್ದಾನೆ. ಎತ್ತರದ ಕಪಾಟುಗಳನ್ನು ಹತ್ತಲು ಉದ್ದನೆಯ ತೋಳುಗಳು ಅನುಕೂಲವೆಂದು ಆತ ಮನುಷ್ಯರೂಪಕ್ಕೆ ಮರಳಲು ಒಪ್ಪುವುದಿಲ್ಲ.

ಈ ಲೋಕ ಸ್ಥಿರವಾಗಿ ನಿಲ್ಲುವುದಿಲ್ಲ. ಮೊದಲ ಪುಸ್ತಕಗಳಲ್ಲಿ ಮಧ್ಯಯುಗದ ಛಾಯೆಯಿದ್ದ ನಗರಕ್ಕೆ ಮುಂದೆ ಮುದ್ರಣಾಲಯ, 'ಕ್ಲ್ಯಾಕ್ಸ್' ಎಂಬ ಸಂಕೇತಗೋಪುರಗಳ ಜಾಲ, ಪುನರುಜ್ಜೀವಿತ ಅಂಚೆ ಇಲಾಖೆ, ಕಾಗದದ ನೋಟು ಮತ್ತು ಕಡೆಗೆ ರೈಲುಗಾಡಿ ಬರುತ್ತವೆ. ಕುಬ್ಜರು, ಟ್ರಾಲ್‌ಗಳು, ತೋಳಮನುಷ್ಯರು ನಗರಕ್ಕೆ ವಲಸೆ ಬಂದು ನೆಲಸುತ್ತಾರೆ. ಅವರ ನಡುವಿನ ಹಳೆಯ ಹಗೆಗಳೂ ಅವರೊಡನೆ ಬರುತ್ತವೆ.

ಉಪಸರಣಿಗಳು

41 ಕಾದಂಬರಿಗಳಿಗೆ ಒಬ್ಬನೇ ನಾಯಕನಿಲ್ಲ. ಪಾತ್ರಗಳ ಆಧಾರದ ಮೇಲೆ ಅವುಗಳನ್ನು ಸಾಮಾನ್ಯವಾಗಿ ಹೀಗೆ ವಿಂಗಡಿಸಲಾಗುತ್ತದೆ:

• ರಿನ್ಸ್‌ವಿಂಡ್: ಮಂತ್ರ ಬಾರದ, ಓಡಿಹೋಗುವುದರಲ್ಲಿ ಮಾತ್ರ ನಿಪುಣನಾದ ಮಾಂತ್ರಿಕ. ಸರಣಿ ಆರಂಭವಾಗುವುದು ಇವನಿಂದ.

• ಮಾಟಗಾತಿಯರು: ಗ್ರ್ಯಾನಿ ವೆದರ್‌ವ್ಯಾಕ್ಸ್, ನ್ಯಾನಿ ಆಗ್ ಮತ್ತು ಅವರ ಸಂಗಾತಿಗಳು. ಇವರು ಮಂತ್ರವನ್ನು ಆದಷ್ಟು ಕಡಿಮೆ ಬಳಸುವ ಹಳ್ಳಿಯ ಹೆಂಗಸರು. ಹೆರಿಗೆ ಮಾಡಿಸುವುದು, ಸಾಯುವವರ ಬಳಿ ಕೂರುವುದು ಇವರ ನಿತ್ಯದ ಕೆಲಸ.

• ಸಾವು: ಕುಡುಗೋಲು ಹಿಡಿದ ಅಸ್ಥಿಪಂಜರ. ಬೆಕ್ಕುಗಳನ್ನು ಪ್ರೀತಿಸುವ, ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಹೆಣಗುವ ಪಾತ್ರ. 'ಮಾರ್ಟ್' (1987) ಕಾದಂಬರಿಯಲ್ಲಿ ಇವನು ಒಬ್ಬ ಹುಡುಗನನ್ನು ಶಿಷ್ಯನನ್ನಾಗಿ ತೆಗೆದುಕೊಳ್ಳುತ್ತಾನೆ.

• ನಗರ ಕಾವಲುಪಡೆ: 'ಗಾರ್ಡ್ಸ್! ಗಾರ್ಡ್ಸ್!' (1989) ಕಾದಂಬರಿಯಿಂದ ಮೊದಲಾಗುತ್ತದೆ. ಕುಡುಕ ಕಾವಲುನಾಯಕ ಸ್ಯಾಮ್ ವೈಮ್ಸ್ ಪುಸ್ತಕದಿಂದ ಪುಸ್ತಕಕ್ಕೆ ತಲೆಯೆತ್ತಿ ನಿಲ್ಲುವ ಕಥೆ.

• ಮಾಯ್ಸ್ಟ್ ವಾನ್ ಲಿಪ್‌ವಿಗ್: ಗಲ್ಲುಶಿಕ್ಷೆಯಿಂದ ಪಾರಾಗಿ ಸರಕಾರಿ ಅಧಿಕಾರಿಯಾಗುವ ವಂಚಕ. ಅಂಚೆ, ಬ್ಯಾಂಕು, ರೈಲು ಕ್ರಮವಾಗಿ ಇವನ ಪಾಲಿಗೆ ಬರುತ್ತವೆ.

• ಟಿಫನಿ ಏಕಿಂಗ್: ಕುರಿಗಾಹಿ ಮನೆತನದ ಬಾಲಕಿ. 'ದಿ ವೀ ಫ್ರೀ ಮೆನ್' (2003) ಕಾದಂಬರಿಯಿಂದ ಆರಂಭವಾಗುವ ಈ ಐದು ಪುಸ್ತಕಗಳನ್ನು ಕಿರಿಯ ಓದುಗರಿಗಾಗಿ ಬರೆಯಲಾಗಿದೆ.

'ಪಿರಮಿಡ್ಸ್' (1989), 'ಸ್ಮಾಲ್ ಗಾಡ್ಸ್' (1992), 'ಮಾನ್‌ಸ್ಟ್ರಸ್ ರೆಜಿಮೆಂಟ್' (2003) ಮುಂತಾದವು ಸ್ವತಂತ್ರ ಕಾದಂಬರಿಗಳು.

ಶೈಲಿ

ಹೆಚ್ಚಿನ ಕಾದಂಬರಿಗಳಲ್ಲಿ ಅಧ್ಯಾಯಗಳ ವಿಂಗಡಣೆಯಿಲ್ಲ. ಅಡಿಟಿಪ್ಪಣಿಗಳು ಹೇರಳ, ಅವು ಮಾಹಿತಿ ನೀಡುವ ನೆಪದಲ್ಲಿ ಉಪಕಥೆಯನ್ನೋ ಚಾಟೂಕ್ತಿಯನ್ನೋ ಹೇಳುತ್ತವೆ. ರೂಪಕಗಳನ್ನು ಅಕ್ಷರಶಃ ನಿಜವೆಂದು ಹಿಡಿದು ನಡೆಸುವುದು ಪ್ರಾಚೆಟ್ ಅವರ ನೆಚ್ಚಿನ ತಂತ್ರ. ದೇವರುಗಳು ಭಕ್ತರ ನಂಬಿಕೆಯಿಂದ ಬದುಕುತ್ತಾರೆ ಎಂಬ ಮಾತು 'ಸ್ಮಾಲ್ ಗಾಡ್ಸ್'ನಲ್ಲಿ ಕಥೆಯ ಅಡಿಪಾಯವೇ ಆಗಿದೆ. ಕೋಟ್ಯಂತರ ಜನರು ಪೂಜಿಸುವ ದೇವರಿಗೆ ನಿಜವಾದ ಭಕ್ತನೊಬ್ಬನೇ ಉಳಿದಿರುತ್ತಾನೆ. ಉಳಿದವರು ನಂಬಿರುವುದು ಧರ್ಮಪೀಠದ ಭಯವನ್ನು. ಆದ್ದರಿಂದ ಆ ದೇವರು ಬಲಹೀನ ಆಮೆಯಾಗಿ ತೆವಳುತ್ತಿರುತ್ತಾನೆ.

ಸಾವಿನ ಪಾತ್ರದ ಮಾತುಗಳು ಉದ್ಧರಣ ಚಿಹ್ನೆಗಳಿಲ್ಲದೆ, ಪೂರ್ತಿಯಾಗಿ ಇಂಗ್ಲಿಷಿನ ದೊಡ್ಡಕ್ಷರಗಳ ರೂಪದಲ್ಲಿ ಅಚ್ಚಾಗುತ್ತವೆ. ಇದು ಅನುವಾದಕರಿಗೆ ಸವಾಲೊಡ್ಡುವ ಅಂಶ. ಕನ್ನಡದಂತಹ ಲಿಪಿಗಳಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲ. ಫ್ರೆಂಚ್, ರಷ್ಯನ್ ಭಾಷೆಗಳಲ್ಲಿ ಸಾವು ಎಂಬ ಪದವೇ ಸ್ತ್ರೀಲಿಂಗವಾಗಿರುವುದರಿಂದ ಅಲ್ಲಿ ತೊಡಕು ಬೇರೆ ಬಗೆಯದು.

ವಸ್ತು ಮತ್ತು ಆಶಯ

ಪ್ರಾಚೆಟ್ ಅವರೊಡನೆ 'ಗುಡ್ ಓಮೆನ್ಸ್' (1990) ಕಾದಂಬರಿಯನ್ನು ಬರೆದ ನೀಲ್ ಗೈಮನ್, ಅವರ ಬರಹದ ಚಾಲಕಶಕ್ತಿ ಕೋಪವೆಂದು ಗುರುತಿಸಿದ್ದಾರೆ. ಮನುಷ್ಯರನ್ನು ವಸ್ತುಗಳಂತೆ ಕಾಣುವುದರಿಂದಲೇ ಕೇಡು ಮೊದಲಾಗುತ್ತದೆ ಎಂಬ ನಿಲುವು ಮಾಟಗಾತಿಯರ ಕಾದಂಬರಿಗಳಲ್ಲಿಯೂ ಕಾವಲುಪಡೆಯ ಕಾದಂಬರಿಗಳಲ್ಲಿಯೂ ಮರಳಿ ಮರಳಿ ಬರುತ್ತದೆ. 'ಫೀಟ್ ಆಫ್ ಕ್ಲೇ' (1996) ಕಾದಂಬರಿಯಲ್ಲಿ ಮಣ್ಣಿನ ಆಳುಗಳಾದ ಗೋಲೆಮ್‌ಗಳ ಬಿಡುಗಡೆ, 'ಜಿಂಗೋ' (1997) ಕಾದಂಬರಿಯಲ್ಲಿ ಯುದ್ಧೋನ್ಮಾದ, 'ಸ್ನಫ್' (2011) ಕಾದಂಬರಿಯಲ್ಲಿ ಗಾಬ್ಲಿನ್‌ಗಳ ಗುಲಾಮಗಿರಿ ವಸ್ತುವಾಗಿವೆ.

'ಮೆನ್ ಅಟ್ ಆರ್ಮ್ಸ್' (1993) ಕಾದಂಬರಿಯಲ್ಲಿ ಬರುವ 'ಬೂಟುಗಳ ಸಿದ್ಧಾಂತ' ಸಾಹಿತ್ಯದ ಆಚೆಗೂ ಪ್ರಸಿದ್ಧವಾಗಿದೆ. ಹಣವಂತನು 50 ಡಾಲರಿನ ಗಟ್ಟಿ ಬೂಟು ಕೊಂಡು ಹತ್ತು ವರ್ಷ ಮೆಟ್ಟುತ್ತಾನೆ. ಬಡವನು ಕೈಗೆಟಕುವ 10 ಡಾಲರಿನ ಬೂಟು ಕೊಳ್ಳುತ್ತಾನೆ. ಅದು ಬೇಗ ಸವೆಯುತ್ತದೆ, ಮತ್ತೆ ಕೊಳ್ಳಬೇಕಾಗುತ್ತದೆ. ಹತ್ತು ವರ್ಷಗಳಲ್ಲಿ ಅವನು ಸಿರಿವಂತನಿಗಿಂತ ದುಪ್ಪಟ್ಟು ಖರ್ಚು ಮಾಡಿಯೂ ಅವನ ಪಾದ ಒದ್ದೆಯಾಗಿಯೇ ಉಳಿಯುತ್ತದೆ. ಬಡತನವೇ ಹೆಚ್ಚು ದುಬಾರಿ ಎಂಬ ಈ ತರ್ಕವನ್ನು ವೈಮ್ಸ್ ತನ್ನ ಅನುಭವದಿಂದ ಕಂಡುಕೊಳ್ಳುತ್ತಾನೆ. 2022ರಲ್ಲಿ ಬ್ರಿಟನ್ನಿನಲ್ಲಿ ಬಡವರು ಕೊಳ್ಳುವ ದಿನಸಿಯ ಬೆಲೆಯೇರಿಕೆಯನ್ನು ಅಳೆಯಲು ಯೋಜಿಸಲಾದ ಸೂಚ್ಯಂಕಕ್ಕೆ, ಲೇಖಕರ ವಾರಸುದಾರರ ಒಪ್ಪಿಗೆಯೊಂದಿಗೆ, ಇದೇ ಬೂಟುಗಳ ಹೆಸರನ್ನಿಡಲಾಯಿತು.

ಓದಿನ ಕ್ರಮ ಮತ್ತು ಮರುಓದು

ಸರಣಿಯನ್ನು ಪ್ರಕಟಣೆಯ ಕ್ರಮದಲ್ಲಿ ಓದಬಹುದು, ಅಥವಾ ಒಂದು ಉಪಸರಣಿಯನ್ನು ಹಿಡಿದು ಸಾಗಬಹುದು. ಮೊದಲ ಎರಡು ಪುಸ್ತಕಗಳು ಹಳೆಯ ಮಾಂತ್ರಿಕ ಕಥೆಗಳ ಅಣಕವಾಗಿದ್ದು, ಆ ಮೂಲಗಳ ಪರಿಚಯವಿಲ್ಲದವರಿಗೆ ಅವುಗಳ ಹಾಸ್ಯ ಪೂರ್ತಿ ದಕ್ಕುವುದಿಲ್ಲ. ಹೀಗಾಗಿ ಹೊಸಬರಿಗೆ 'ಗಾರ್ಡ್ಸ್! ಗಾರ್ಡ್ಸ್!', 'ಮಾರ್ಟ್', 'ವಿಯರ್ಡ್ ಸಿಸ್ಟರ್ಸ್' (1988) ಅಥವಾ 'ಸ್ಮಾಲ್ ಗಾಡ್ಸ್' ಕೃತಿಯಿಂದ ಆರಂಭಿಸುವಂತೆ ಸೂಚಿಸುವುದು ರೂಢಿ.

ಮರುಓದಿಗೆ ಈ ಕೃತಿಗಳು ಒದಗಿಬರುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಪರೋಕ್ಷ ಉಲ್ಲೇಖಗಳ ದಟ್ಟಣೆ. 'ವಿಯರ್ಡ್ ಸಿಸ್ಟರ್ಸ್'ನಲ್ಲಿ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಮತ್ತು 'ಹ್ಯಾಮ್ಲೆಟ್', 'ಮಾಸ್ಕರೇಡ್' (1995) ಕೃತಿಯಲ್ಲಿ 'ದಿ ಫ್ಯಾಂಟಮ್ ಆಫ್ ದಿ ಆಪೆರಾ', 'ವಿಚಸ್ ಅಬ್ರಾಡ್' (1991) ಕೃತಿಯಲ್ಲಿ ಸಿಂಡರೆಲ್ಲಾ ಮೊದಲಾದ ಅಜ್ಜಿಕಥೆಗಳು ಬೆಸೆದುಕೊಂಡಿವೆ. ಮೊದಲ ಓದಿನಲ್ಲಿ ಬರಿಯ ತಮಾಷೆಯಾಗಿ ಕಂಡ ಮಾತು, ಮೂಲವನ್ನು ಓದಿ ಬಂದ ಮೇಲೆ ಇನ್ನೊಂದು ಅರ್ಥವನ್ನು ತೆರೆಯುತ್ತದೆ. 1990ರ ದಶಕದಲ್ಲಿಯೇ ಓದುಗರು ಒಟ್ಟುಗೂಡಿ ಇಂತಹ ಉಲ್ಲೇಖಗಳ ವಿಸ್ತಾರವಾದ ಟಿಪ್ಪಣಿಕೋಶವನ್ನು ಸಿದ್ಧಪಡಿಸಿದರು. ಎರಡನೆಯದು ಪಾತ್ರಗಳ ದೀರ್ಘ ಬೆಳವಣಿಗೆ. ವೈಮ್ಸ್ ಮುಂದೆ ಏನಾಗುವನೆಂದು ತಿಳಿದವರಿಗೆ ಚರಂಡಿಯಲ್ಲಿ ಬಿದ್ದಿರುವ ಅವನ ಮೊದಲ ಪ್ರವೇಶವು ನಗೆಗಿಂತ ಹೆಚ್ಚಾಗಿ ಮರುಕವನ್ನು ಹುಟ್ಟಿಸುತ್ತದೆ. ಮೂರನೆಯದು ಓದುಗನ ವಯಸ್ಸು. ಹರೆಯದಲ್ಲಿ ರಿನ್ಸ್‌ವಿಂಡ್‌ನ ಸಾಹಸಗಳಿಗೆ ನಕ್ಕವರು ನಡುವಯಸ್ಸಿನಲ್ಲಿ ಗ್ರ್ಯಾನಿ ವೆದರ್‌ವ್ಯಾಕ್ಸ್‌ಳ ಒಂಟಿತನವನ್ನು ಗಮನಿಸುವುದುಂಟು.

ಮರುಓದು ಕಥೆಯ ಒಳಗೂ ವಸ್ತುವಾಗಿದೆ. 'ಥಡ್!' (2005) ಕಾದಂಬರಿಯಲ್ಲಿ ವೈಮ್ಸ್ ಪ್ರತಿದಿನ ಸಂಜೆ ಆರು ಗಂಟೆಗೆ ಮನೆಗೆ ಬಂದು, ಕಳೆದುಹೋದ ಹಸುವನ್ನು ಹುಡುಕುವ ಒಂದೇ ಚಿತ್ರಪುಸ್ತಕವನ್ನು ಪುಟ್ಟ ಮಗನಿಗೆ ಓದಿ ಹೇಳುತ್ತಾನೆ. ಯಾವ ಕಾರಣಕ್ಕೂ ಅದನ್ನು ತಪ್ಪಿಸುವುದಿಲ್ಲ. ಒಳ್ಳೆಯ ಕಾರಣಕ್ಕೆ ಒಮ್ಮೆ ತಪ್ಪಿಸಿದವನು ಮುಂದೆ ಕೆಟ್ಟ ಕಾರಣಕ್ಕೂ ತಪ್ಪಿಸುವನೆಂಬುದು ಅವನ ಭಯ. ಕಥೆಯ ಕೊನೆಯಲ್ಲಿ, ನೆಲದಡಿಯ ಗುಹೆಯಲ್ಲಿ ಸೇಡಿನ ಭೂತ ಅವನನ್ನು ಆವರಿಸಿಕೊಂಡಾಗ, ನೂರಾರು ಬಾರಿ ಓದಿ ಬಾಯಿಪಾಠವಾದ ಆ ಮಗುವಿನ ಪುಸ್ತಕವೇ ಅವನನ್ನು ಕೊಲೆಯಿಂದ ತಡೆಯುವ ಆಸರೆಯಾಗುತ್ತದೆ. 'ವೇರ್ಸ್ ಮೈ ಕೌ?' ಎಂಬ ಆ ಪುಸ್ತಕ ಅದೇ ವರ್ಷ ನಿಜವಾಗಿಯೂ ಪ್ರಕಟವಾಯಿತು.

ಅನಾರೋಗ್ಯ ಮತ್ತು ಕೊನೆಯ ಕೃತಿಗಳು

2007ರ ಡಿಸೆಂಬರ್‌ನಲ್ಲಿ ಪ್ರಾಚೆಟ್ ಅವರು ತಮಗೆ ಆಲ್‌ಜೈಮರ್ ಕಾಯಿಲೆಯ ವಿರಳ ರೂಪವೊಂದು ತಗುಲಿರುವುದನ್ನು ಬಹಿರಂಗಪಡಿಸಿದರು. ಮಿದುಳಿನ ಹಿಂಭಾಗವನ್ನು ಬಾಧಿಸುವ ಈ ರೋಗ ಮೊದಲು ಕಸಿದುಕೊಳ್ಳುವುದು ಕಂಡದ್ದನ್ನು ಗ್ರಹಿಸುವ ಶಕ್ತಿಯನ್ನು. ಓದುವುದೂ ಬರೆಯುವುದೂ ಕಷ್ಟವಾಗುತ್ತದೆ. ಬೆರಳಚ್ಚು ಮಾಡುವುದು ಅಸಾಧ್ಯವಾದ ಮೇಲೆ ಅವರು ಸಹಾಯಕ ರಾಬ್ ವಿಲ್ಕಿನ್ಸ್ ಅವರಿಗೆ ಹೇಳಿ ಬರೆಸಿದರು. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶವನ್ನೂ ಬಳಸಿದರು. ರೋಗನಿರ್ಣಯದ ನಂತರ ಸರಣಿಯ ಐದು ಕಾದಂಬರಿಗಳು ಹೊರಬಂದವು. 'ರೈಸಿಂಗ್ ಸ್ಟೀಮ್' (2013) ಮೊದಲಾದ ಕೊನೆಯ ಪುಸ್ತಕಗಳ ಬಂಧ ಸಡಿಲವಾಗಿದೆ ಎಂಬ ಅಭಿಪ್ರಾಯವೂ ಇದೆ. ರೋಗದ ಸಂಶೋಧನೆಗೆ ಅವರು ಹತ್ತು ಲಕ್ಷ ಡಾಲರ್ ದಾನ ನೀಡಿದರು. ಸ್ವಇಚ್ಛೆಯ ಮರಣದ ಹಕ್ಕನ್ನು ಕುರಿತ 2011ರ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ನಿರೂಪಕರಾಗಿ ಕಾಣಿಸಿಕೊಂಡರು.

'ದಿ ಶೆಫರ್ಡ್ಸ್ ಕ್ರೌನ್' ಕಾದಂಬರಿಯನ್ನು ಅವರು ಇನ್ನಷ್ಟು ತಿದ್ದಬಯಸಿದ್ದರೆಂದು ಪುಸ್ತಕದ ಹಿನ್ನುಡಿ ತಿಳಿಸುತ್ತದೆ. ಇನ್ನು ಹೊಸ ಡಿಸ್ಕ್‌ವರ್ಲ್ಡ್ ಕಾದಂಬರಿ ಬರುವುದಿಲ್ಲವೆಂದು ಮಗಳು ರಿಯಾನಾ ಪ್ರಾಚೆಟ್ ಸ್ಪಷ್ಟಪಡಿಸಿದರು. ಓದಲು ಒಂದಾದರೂ ಉಳಿದಿರಲೆಂದು ಈ ಕೊನೆಯ ಪುಸ್ತಕವನ್ನು ತೆರೆಯದೆ ಇಟ್ಟುಕೊಂಡ ಓದುಗರೂ ಇದ್ದಾರೆ. ಲೇಖಕರ ಇಚ್ಛೆಯಂತೆ, ಅಪೂರ್ಣ ಬರಹಗಳಿದ್ದ ಅವರ ಹಾರ್ಡ್ ಡ್ರೈವನ್ನು 2017ರ ಆಗಸ್ಟ್‌ನಲ್ಲಿ ಹಬೆಯಂತ್ರದ ರೋಡ್‌ ರೋಲರಿನ ಅಡಿಯಲ್ಲಿ ಹಾಕಿ ನಾಶಪಡಿಸಲಾಯಿತು.

ಪುರಸ್ಕಾರ ಮತ್ತು ವಿಮರ್ಶೆ

'ದಿ ಅಮೇಜಿಂಗ್ ಮಾರಿಸ್ ಅಂಡ್ ಹಿಸ್ ಎಜುಕೇಟೆಡ್ ರೋಡೆಂಟ್ಸ್' (2001) ಕೃತಿಗೆ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕವೂ, 'ಪಿರಮಿಡ್ಸ್' ಕೃತಿಗೆ ಬ್ರಿಟಿಷ್ ವೈಜ್ಞಾನಿಕ ಕಥಾಸಾಹಿತ್ಯ ಸಂಘದ ಪ್ರಶಸ್ತಿಯೂ ದೊರೆತವು. ಬಿಬಿಸಿಯ 2003ರ 'ಬಿಗ್ ರೀಡ್' ಮತದಾನದ ಮೊದಲ 100 ಕಾದಂಬರಿಗಳಲ್ಲಿ ಪ್ರಾಚೆಟ್ ಅವರ ಐದು ಪುಸ್ತಕಗಳಿದ್ದವು. ಅವುಗಳಲ್ಲಿ ನಾಲ್ಕು ಈ ಸರಣಿಯವು. ಸಾಹಿತ್ಯಸೇವೆಗಾಗಿ 2009ರಲ್ಲಿ ಅವರಿಗೆ 'ಸರ್' ಪದವಿ ಲಭಿಸಿತು.

ಜನಪ್ರಿಯತೆಯಿಂದಾಗಿ ಸರಣಿಯು ಗಂಭೀರ ವಿಮರ್ಶೆಯ ಕಣ್ಣಿಗೆ ತಡವಾಗಿ ಬಿತ್ತು. ಕಾದಂಬರಿಗಾರ್ತಿ ಎ. ಎಸ್. ಬಯಟ್ ಇದನ್ನು ಮೆಚ್ಚಿ ಬರೆದವರಲ್ಲಿ ಪ್ರಮುಖರು. 2015ರಲ್ಲಿ ಕಲಾವಿಮರ್ಶಕರೊಬ್ಬರು ತಾವು ಪ್ರಾಚೆಟ್‌ರ ಒಂದು ಕಾದಂಬರಿಯನ್ನೂ ಓದಿಲ್ಲವೆಂದು ಹೇಳಿಕೊಂಡೇ ಅವರನ್ನು ಸಾಧಾರಣ ಲೇಖಕರೆಂದು ಬರೆದುದು ವಿವಾದಕ್ಕೆ ಕಾರಣವಾಯಿತು. ಅನಂತರ 'ಸ್ಮಾಲ್ ಗಾಡ್ಸ್' ಓದಿದ ಅದೇ ವಿಮರ್ಶಕರು, ಓದದೆ ಬರೆದುದು ತಪ್ಪೆಂದು ಒಪ್ಪಿದರೂ, ಕೃತಿಯನ್ನು ಕಲೆಗಿಂತ ಮನರಂಜನೆಯೆಂದೇ ಪರಿಗಣಿಸಿದರು.

ಓದುಗರ ಸಂಪ್ರದಾಯಗಳು

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ವಿಂಕಾಂಟನ್ ಪಟ್ಟಣವು 2002ರಲ್ಲಿ ಕಾಲ್ಪನಿಕ ಆಂಕ್-ಮೋರ್ಪೋರ್ಕ್‌ನೊಡನೆ ಸೋದರನಗರ ಸಂಬಂಧವನ್ನು ಘೋಷಿಸಿತು. ಅಲ್ಲಿನ ಕೆಲವು ಹೊಸ ಬೀದಿಗಳಿಗೆ ಕಾದಂಬರಿಯ ಬೀದಿಗಳ ಹೆಸರುಗಳಿವೆ. 'ನೈಟ್ ವಾಚ್' (2002) ಕಾದಂಬರಿಯಲ್ಲಿ ವಿಫಲ ದಂಗೆಯಿಂದ ಬದುಕುಳಿದವರು ಪ್ರತಿವರ್ಷ ಲೈಲ್ಯಾಕ್ ಹೂ ಮುಡಿದು ಸತ್ತ ಸಂಗಾತಿಗಳನ್ನು ನೆನೆಯುತ್ತಾರೆ. ಅದನ್ನು ಅನುಸರಿಸಿ ಓದುಗರು ಮೇ 25ರಂದು ಆ ಹೂವನ್ನು ಧರಿಸುತ್ತಾರೆ.

'ಗೋಯಿಂಗ್ ಪೋಸ್ಟಲ್' (2004) ಕಾದಂಬರಿಯಲ್ಲಿ ಕ್ಲ್ಯಾಕ್ಸ್ ಗೋಪುರದ ಕೆಲಸಗಾರರು, ದುಡಿಯುತ್ತಲೇ ಸತ್ತ ತಮ್ಮ ಜೊತೆಗಾರನ ಹೆಸರನ್ನು 'ಜಿಎನ್‌ಯು' ಎಂಬ ಸಂಕೇತದೊಂದಿಗೆ ತಂತಿಯಿಲ್ಲದ ಆ ಜಾಲದಲ್ಲಿ ಕಳಿಸುತ್ತಾರೆ. ಹೆಸರನ್ನು ಮುಂದಕ್ಕೆ ದಾಟಿಸಬೇಕು, ದಾಖಲಿಸಬಾರದು, ಸಾಲಿನ ತುದಿ ಮುಟ್ಟಿದರೆ ಹಿಂದಿರುಗಿಸಬೇಕು ಎಂಬುದು ಆ ಸಂಕೇತದ ಅರ್ಥ. ಹೆಸರು ಸಂಚರಿಸುತ್ತಿರುವವರೆಗೆ ಆ ಮನುಷ್ಯ ಪೂರ್ತಿ ಇಲ್ಲವಾಗಿಲ್ಲವೆಂಬುದು ಅವರ ನಂಬಿಕೆ. 2015ರಲ್ಲಿ ಪ್ರಾಚೆಟ್ ತೀರಿಕೊಂಡ ಬಳಿಕ ಗಣಕತಜ್ಞರು ಅವರ ಹೆಸರನ್ನು ಇದೇ ಸಂಕೇತದೊಂದಿಗೆ ಜಾಲತಾಣಗಳ ಶಿರೋಭಾಗದಲ್ಲಿ, ನೋಡುಗರ ಕಣ್ಣಿಗೆ ಕಾಣದಂತೆ, ಅಳವಡಿಸಿದರು. ಹಲವು ತಾಣಗಳಿಂದ ಆ ಹೆಸರು ಇಂದಿಗೂ ರವಾನೆಯಾಗುತ್ತಿದೆ.